ದೊಡ್ಡ ಅಳತೆಯ ಮಾದರಿ ರೈಲು: ಕಪ್ಲರ್ ದುರಸ್ತಿಯ ಇತಿಹಾಸ

ಮಾದರಿ ರೈಲಿನ ಬೋಗಿಗಳನ್ನು ಒಂದಕ್ಕೊಂದು ಕೂಡಿಸುವ ಭಾಗ ಕಪ್ಲರ್. ಹಿಂದಿರುವ ಬೋಗಿಗಳ ಭಾರವೆಲ್ಲ ಜಗ್ಗುವುದು ಇದನ್ನೇ. ಅದರಲ್ಲೂ ತೋಟದಲ್ಲಿ ಹಳಿ ಹಾಸಿ ಓಡಿಸುವ ದೊಡ್ಡ ಅಳತೆಯ ರೈಲುಗಳಲ್ಲಿ ಬಿಸಿಲು, ಮಣ್ಣು, ಮರಳು ಸೇರಿ ಇದು ಬೇಗ ಸವೆಯುತ್ತದೆ.

1891ರಲ್ಲಿ ಜರ್ಮನಿಯ ಮಾರ್ಕ್ಲಿನ್ ಕಂಪನಿ ಆಟಿಕೆ ರೈಲುಗಳ ಹಳಿಗೆ ಗೊತ್ತಾದ ಅಗಲಗಳನ್ನು ಪ್ರಕಟಿಸಿತು. ಆ ಕಾಲದ ತಗಡಿನ ಬೋಗಿಗಳಿಗೆ ಬಗ್ಗಿಸಿದ ಕೊಕ್ಕೆಯಷ್ಟೇ ಇರುತ್ತಿತ್ತು. ಇಕ್ಕಳವೊಂದಿದ್ದರೆ ದುರಸ್ತಿ ಮುಗಿಯುತ್ತಿತ್ತು.

1968ರಲ್ಲಿ ನ್ಯೂರೆಂಬರ್ಗಿನ ಲೇಮನ್ ಸಂಸ್ಥೆ ಎಲ್‌ಜಿಬಿ ರೈಲುಗಳನ್ನು ಹೊರತಂದಿತು. ಅಳತೆ 1:22.5, ಹಳಿಯ ಅಗಲ 45 ಮಿ.ಮೀ. ಹಿಂದೆ ಮೈಸೂರು ಸೀಮೆಯಲ್ಲೂ ಓಡುತ್ತಿದ್ದಂಥ ಮೀಟರ್ ಗೇಜನ್ನು ಕುಗ್ಗಿಸಿದರೆ ಬರುವ ಲೆಕ್ಕ ಹೆಚ್ಚುಕಡಿಮೆ ಇದೇ. ಎಲ್‌ಜಿಬಿ ಕಪ್ಲರ್‌ನಲ್ಲಿ ಒಂದು ಬಳೆ, ಅದಕ್ಕೆ ಸಿಕ್ಕಿಕೊಳ್ಳುವ ಸ್ಪ್ರಿಂಗಿನ ಕೊಕ್ಕೆ. ಸ್ಪ್ರಿಂಗ್ ಸೋತರೆ ಕೊಕ್ಕೆ ಜೋತುಬಿದ್ದು ತಿರುವಿನಲ್ಲಿ ಬೋಗಿ ಕಳಚಿಕೊಳ್ಳುತ್ತದೆ. ಬೋಗಿಯ ಒಂದೇ ತುದಿಗೆ ಕೊಕ್ಕೆ ಬರುತ್ತಿದ್ದುದರಿಂದ ಹವ್ಯಾಸಿಗಳು ಇನ್ನೊಂದು ತುದಿಗೂ ಕೊಕ್ಕೆ ಸೇರಿಸತೊಡಗಿದರು. ಒಂದು ಸವೆದರೂ ಇನ್ನೊಂದು ಹಿಡಿದಿರುತ್ತದೆ. ಇಷ್ಟು ಸರಳವೂ ಪರಿಣಾಮಕಾರಿಯೂ ಆದ ಸುಧಾರಣೆ ಈ ಹವ್ಯಾಸದಲ್ಲಿ ಅಪರೂಪ.

ಅಮೆರಿಕದ ದಾರಿ ಬೇರೆ. ಅಲ್ಲಿ ನಿಜವಾದ ರೈಲುಗಳ ಬೋಗಿ ಜೋಡಿಸುವಾಗ ಎಷ್ಟೋ ಕೆಲಸಗಾರರು ಬೆರಳು, ಕೈ, ಪ್ರಾಣ ಕಳೆದುಕೊಳ್ಳುತ್ತಿದ್ದರು. ಈಲೈ ಜಾನಿ 1873ರಲ್ಲಿ ಪೇಟೆಂಟ್ ಪಡೆದ ಕಪ್ಲರ್‌ನಲ್ಲಿ ಎರಡು ಕೈಗಳ ಮಡಿಸಿದ ಬೆರಳುಗಳಂತೆ ಎರಡು ದವಡೆಗಳು ತಾವಾಗಿಯೇ ಹೆಣೆದುಕೊಳ್ಳುತ್ತಿದ್ದವು. 1893ರ ಸುರಕ್ಷತಾ ಕಾಯ್ದೆ ತಾನಾಗಿ ಜೋಡಿಕೊಳ್ಳುವ ಕಪ್ಲರ್ ಕಡ್ಡಾಯ ಮಾಡಿತು. ಜಾನಿಯ ಆ ರೂಪವನ್ನು ಲಯೊನೆಲ್ ಕಂಪನಿ 1945ರಲ್ಲಿ ಆಟಿಕೆ ರೈಲಿಗೆ ತಂದಿತು. ಕೀತ್ ಮತ್ತು ಡೇಲ್ ಎಡ್ವರ್ಡ್ಸ್ ಎಂಬ ಅವಳಿ ಸೋದರರ ಕೇಡೀ ಸಂಸ್ಥೆ ಅದನ್ನು ಮತ್ತಷ್ಟು ನಾಜೂಕಾಗಿಸಿತು. ಮುಂದೆ ದೊಡ್ಡ ಅಳತೆಯ ಬೋಗಿಗಳಿಗೂ ತಯಾರಿಸಿತು.

ರೂಪ ನಿಜಕ್ಕೆ ಹತ್ತಿರವಾದಷ್ಟೂ ದುರಸ್ತಿ ಸೂಕ್ಷ್ಮವಾಯಿತು. ದವಡೆಯ ಒಳಅಂಚು ಸವೆದು ದುಂಡಗಾದರೆ ಹಿಡಿತ ಜಾರುತ್ತದೆ. ತಿರುಪು ಹೋಗುವ ತೂತು ಉಜ್ಜಿ ಉಜ್ಜಿ ಮೊಟ್ಟೆಯಾಕಾರಕ್ಕೆ ತಿರುಗಿದರೆ ಕಪ್ಲರ್ ಮೂತಿ ತಗ್ಗಿಸುತ್ತದೆ. ಆಗ ಹಳಿಯ ಸಣ್ಣ ಉಬ್ಬಿನಲ್ಲೂ ಒಂದು ದವಡೆ ಇನ್ನೊಂದರ ಮೇಲೆ ಹತ್ತಿ ಬಿಟ್ಟುಕೊಳ್ಳುತ್ತದೆ. ತೂತನ್ನು ಕೊರೆದು ಹಿರಿದು ಮಾಡಿ ಹಿತ್ತಾಳೆ ಕೊಳವೆಯ ತುಂಡು ಕೂರಿಸುವುದು, ಅಡಿಗೆ ತೆಳು ವಾಷರ್ ಕೊಡುವುದು ಬಳಕೆಯ ಪರಿಹಾರಗಳು. ಅಸಿಟಾಲ್‌ನಂಥ ಜಾರು ಪ್ಲಾಸ್ಟಿಕ್‌ಗೆ ಅಂಟು ಹಿಡಿಯದ ಕಾರಣ ಮುರಿದ ದವಡೆಯನ್ನು ಬದಲಿಸಲೇಬೇಕು. ಎಣ್ಣೆ ಹಾಕಿದರೆ ಧೂಳು ಮೆತ್ತಿಕೊಳ್ಳುವುದರಿಂದ ಗ್ರಾಫೈಟ್ ಪುಡಿಯೇ ಮೇಲು.

ಬೋಗಿ ಬಿಟ್ಟುಕೊಂಡಿತೆಂದು ಕಪ್ಲರನ್ನೇ ದೂರಿ ಹೊಸದು ಕೊಳ್ಳುವವರು ಬಹಳ. ಎತ್ತರ ಅಳೆಯುವ ಗೇಜಿಟ್ಟು ನೋಡಿದರೆ ದೋಷ ಹಲವು ಸಲ ಹಳಿಯಲ್ಲೋ, ಕಪ್ಲರ್ ಕೂರಿಸಿದ ಜಾಗದಲ್ಲೋ ಇರುತ್ತದೆ. ಕಪ್ಲರನ್ನು ಚಕ್ರಗಳನ್ನು ಹಿಡಿದಿರುವ ಚೌಕಟ್ಟಿಗೆ, ಅಂದರೆ ಟ್ರಕ್ಕಿಗೆ, ಬಿಗಿದರೆ ಕಿರಿದಾದ ತಿರುವುಗಳಲ್ಲಿ ಅನುಕೂಲ. ಆದರೆ ರೈಲನ್ನು ಹಿಂದಕ್ಕೆ ತಳ್ಳುವಾಗ ಚಕ್ರ ಹಳಿ ತಪ್ಪುವುದುಂಟು. ಬೋಗಿಯ ಮೈಗೆ ಬಿಗಿದರೆ ಆ ಕಾಟ ಕಡಿಮೆ, ತಿರುವು ಮಾತ್ರ ವಿಶಾಲವಾಗಿರಬೇಕು.

ಲೇಮನ್ ಸಂಸ್ಥೆ 2006ರಲ್ಲಿ ದಿವಾಳಿಯಾಯಿತು. ಮರುವರ್ಷ ಮಾರ್ಕ್ಲಿನ್ ಎಲ್‌ಜಿಬಿಯನ್ನು ಕೊಂಡಿತು. ಕೊಕ್ಕೆ-ಬಳೆಯ ಕಪ್ಲರ್ ಇಂದಿಗೂ ತಯಾರಾಗುತ್ತಿದೆ.