ಬಾನುಲಿ ಪ್ರಸಾರದ ಸ್ವಯಂಚಾಲನೆ: ಸ್ಪೂಲ್ ಟೇಪಿನಿಂದ ತಂತ್ರಾಂಶದವರೆಗೆ

ಯಾವ ಹೊತ್ತಿಗೆ ಯಾವ ಹಾಡು, ಮಾತು, ಪ್ರಕಟಣೆ ಹೋಗಬೇಕೆಂದು ಮೊದಲೇ ಪಟ್ಟಿ ಮಾಡಿಟ್ಟರೆ, ಅದನ್ನು ಗಡಿಯಾರಕ್ಕೆ ಸರಿಯಾಗಿ ಬಿತ್ತರಿಸುವುದು ಪ್ರಸಾರ ಸ್ವಯಂಚಾಲನಾ ತಂತ್ರಾಂಶದ ಕೆಲಸ. ಧ್ವನಿಭಂಡಾರ, ದಿನದ ಪ್ರಸಾರಪಟ್ಟಿ, ಪಟ್ಟಿಯನ್ನು ನುಡಿಸುವ ಭಾಗ ಇವು ಅದರ ಮೂರು ಅಂಗಗಳು.

1976ರಲ್ಲಿ ಮಂಗಳೂರು ಆಕಾಶವಾಣಿ ಆರಂಭವಾಯಿತು. ಉಡುಪಿ ಬಳಿಯ ಬ್ರಹ್ಮಾವರದ ಪ್ರೇಷಕದ ಮೂಲಕ ಅದರ ಕನ್ನಡ, ತುಳು ಕಾರ್ಯಕ್ರಮಗಳು ಕಾಪು, ಕಾರ್ಕಳದ ಮನೆಗಳನ್ನು ಮುಟ್ಟಿದವು. ಆಗಿನ ಪ್ರಸಾರವೆಲ್ಲ ಕೈಕೆಲಸ. ಉದ್ಘೋಷಕರು ದಿನದ ಕಾರ್ಯಕ್ರಮಗಳ ಪಟ್ಟಿಯಾದ ಕ್ಯೂ ಶೀಟ್ ಮುಂದಿಟ್ಟುಕೊಂಡು ಸ್ಪೂಲ್ ಟೇಪ್ ಏರಿಸಿ, ಗ್ರಾಮಫೋನ್ ತಟ್ಟೆಯ ಮೇಲೆ ಮುಳ್ಳಿಟ್ಟು, ದಿಲ್ಲಿ, ಬೆಂಗಳೂರಿನ ವಾರ್ತೆಗೆ ಸರಿಯಾದ ಕ್ಷಣದಲ್ಲಿ ಜಾಗ ಬಿಟ್ಟುಕೊಡಬೇಕಿತ್ತು.

ಅಮೆರಿಕದಲ್ಲಿ 1950ರ ದಶಕದಿಂದಲೇ ಈ ದುಡಿಮೆಯನ್ನು ಯಂತ್ರಕ್ಕೆ ವಹಿಸುವ ಪ್ರಯತ್ನ ನಡೆದಿತ್ತು. ಹಾಡಿನ ಕೊನೆಯಲ್ಲಿ 25 ಹರ್ಟ್ಸ್‌ನ, ಕಿವಿಗೆ ಅಷ್ಟಾಗಿ ಕೇಳದ ನಾದವನ್ನು ಟೇಪಿನಲ್ಲಿ ಸೇರಿಸುತ್ತಿದ್ದರು. ಅದನ್ನು ಗುರುತಿಸಿದ ಯಂತ್ರ ಮುಂದಿನ ಟೇಪನ್ನು ಓಡಿಸುತ್ತಿತ್ತು. 1979ರಲ್ಲಿ ಸ್ಥಾಪನೆಯಾದ ಆರ್‌ಸಿಎಸ್ ಸಂಸ್ಥೆಯ 'ಸೆಲೆಕ್ಟರ್' ಹಾಡುಗಳ ಆಯ್ಕೆಯನ್ನೇ ಕಂಪ್ಯೂಟರಿಗೆ ಒಪ್ಪಿಸಿತು. ಹಾರ್ಡ್ ಡಿಸ್ಕ್ ಅಗ್ಗವಾಗಿ, ಧ್ವನಿಯನ್ನು ಕಿರಿದಾಗಿಸುವ ಎಂಪಿ3ಯಂಥ ವಿಧಾನಗಳು ಬಂದಾಗ ಟೇಪು ಮರೆಯಾಯಿತು. 2001ರಲ್ಲಿ ಬೆಂಗಳೂರಿನಲ್ಲಿ ರೇಡಿಯೊ ಸಿಟಿಯೊಂದಿಗೆ ದೇಶದ ಖಾಸಗಿ ಎಫ್‌ಎಂ ಯುಗ ತೆರೆದದ್ದು ಈ ಕಂಪ್ಯೂಟರ್ ಕಾಲದಲ್ಲೇ.

ಇಂಥ ತಂತ್ರಾಂಶಗಳ ದುಬಾರಿ ಪರವಾನಗಿಯ ತಡೆಯನ್ನು ಮುಕ್ತ ತಂತ್ರಾಂಶ ದಾಟಿಸಿತು. ಲಿನಕ್ಸ್ ಮೇಲೆ ನಡೆಯುವ 'ರಿವೆಂಡೆಲ್' 2000ರ ದಶಕದಲ್ಲಿ ಬೆಳೆಯಿತು. ಬ್ರೌಸರಿನಲ್ಲೇ ಪಟ್ಟಿ ಸಿದ್ಧಪಡಿಸಬಹುದಾದ 'ಏರ್‌ಟೈಮ್'ನಿಂದ 2017ರಲ್ಲಿ 'ಲಿಬ್ರೆಟೈಮ್' ಕವಲೊಡೆಯಿತು. ದಿಲ್ಲಿಯ ಗ್ರಾಮವಾಣಿ ಸಂಸ್ಥೆಯ 'ಗ್ರಿನ್ಸ್' ಪ್ರಸಾರ, ಧ್ವನಿಸಂಗ್ರಹ, ಕೇಳುಗರ ದೂರವಾಣಿ ಕರೆ ಮೂರನ್ನೂ ಒಂದೇ ಕಂಪ್ಯೂಟರಿನಲ್ಲಿ ಸೇರಿಸಿತು. ಸಮುದಾಯ ಬಾನುಲಿಯನ್ನೇ ಮನಸ್ಸಿನಲ್ಲಿಟ್ಟು ಅದನ್ನು ರೂಪಿಸಲಾಗಿತ್ತು.

ಸಮುದಾಯ ಬಾನುಲಿಗೆ ಭಾರತದಲ್ಲಿ 2002ರಲ್ಲಿ ಶಿಕ್ಷಣ ಸಂಸ್ಥೆಗಳ ಮೂಲಕ ದಾರಿಯಾಯಿತು. 2006ರಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೂ ಅವಕಾಶ ದೊರೆಯಿತು. ಮಣಿಪಾಲದ ಸಂವಹನ ಕಾಲೇಜಿನ 'ರೇಡಿಯೊ ಮಣಿಪಾಲ್' 90.4 ಮೆಗಾಹರ್ಟ್ಸ್‌ನಲ್ಲಿ ಬಿತ್ತರಗೊಳ್ಳುವುದು ಈ ವ್ಯವಸ್ಥೆಯಡಿ. ಇಂಥ ಕೇಂದ್ರಗಳ ಕಾರ್ಯಕ್ರಮಗಳಲ್ಲಿ ಕನಿಷ್ಠ ಅರ್ಧ ಸ್ಥಳೀಯವಾಗಿ ತಯಾರಾಗಬೇಕು, ಪ್ರಸಾರವಾದದ್ದನ್ನೆಲ್ಲ 3 ತಿಂಗಳು ಕಾಪಿಡಬೇಕು ಎಂಬುದು ನಿಯಮ. ಎರಡನೆಯ ಹೊಣೆಯನ್ನು ತಂತ್ರಾಂಶ ತಾನಾಗಿ ದಾಖಲೆ ಮಾಡಿಟ್ಟು ನಿಭಾಯಿಸಬಲ್ಲದು. ಮೊದಲನೆಯದಕ್ಕೆ ಮನುಷ್ಯರೇ ಬೇಕು.

ಕರಾವಳಿಯ ಬಳಕೆಗೆ ತಂತ್ರಾಂಶವನ್ನು ಒಗ್ಗಿಸಬೇಕಾದ ಕಡೆಗಳೂ ಇವೆ. ಮೂರು ನಾಲ್ಕು ನಿಮಿಷದ ಚಿತ್ರಗೀತೆಗೆ ಹೊಂದಿಸಿದ ಪಟ್ಟಿಯಲ್ಲಿ, ವೇಷ ಕುಣಿತವಿಲ್ಲದೆ ಹಾಡು ಮಾತಿನಲ್ಲೇ ಗಂಟೆಗಟ್ಟಲೆ ಸಾಗುವ ಯಕ್ಷಗಾನದ ರೂಪವಾದ ತಾಳಮದ್ದಳೆ ಸುಲಭವಾಗಿ ಕೂರುವುದಿಲ್ಲ. ಗಂಟೆ ತುಂಬಿತೆಂದು ಯಂತ್ರ ಧ್ವನಿ ತಗ್ಗಿಸಿದರೆ ಭಾಗವತರ ಪದವೋ ಅರ್ಥಧಾರಿಯ ವಾದವೋ ನಡುವೆ ತುಂಡಾಗುತ್ತದೆ. ಎಲ್ಲಿ ನಿಲ್ಲಿಸಬಹುದೆಂಬುದನ್ನು ಪ್ರಸಂಗ ಬಲ್ಲವರೇ ಗುರುತು ಹಾಕಿಕೊಡಬೇಕು. ಯೂನಿಕೋಡ್ ಅರಿಯದ ಹಳೆಯ ತಂತ್ರಾಂಶಗಳಲ್ಲಿ ಕನ್ನಡದ ಶೀರ್ಷಿಕೆ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತಿತ್ತು. ಹಾಗಾಗಿ ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದಿಡಬೇಕಾಗುತ್ತಿತ್ತು. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದಾಗ ಪಟ್ಟಿ ಆ ಹೊತ್ತಿನ ಕಾರ್ಯಕ್ರಮದಿಂದಲೇ ಮುಂದುವರಿಯಬೇಕು, ಮೌನ ಹೆಚ್ಚು ಹೊತ್ತು ಉಳಿದರೆ ಬದಲಿ ಧ್ವನಿ ತೊಡಗಬೇಕು.

ಸ್ವಯಂಚಾಲನೆ ಉಳಿಸಿಕೊಡುವುದು ಸಿಬ್ಬಂದಿಯ ಸಮಯವನ್ನು. ಆ ಸಮಯ ಕಾಪುವಿನ ಮೀನುಗಾರರ, ಕಾರ್ಕಳದ ಕೃಷಿಕರ ಮಾತನ್ನು ದಾಖಲಿಸಲು ಸಂದರೆ ಮಾತ್ರ ಸಮುದಾಯ ಬಾನುಲಿಗೆ ಈ ತಂತ್ರಾಂಶದಿಂದ ನಿಜವಾದ ಲಾಭ.