ಯೋಧನ ವರ್ಗಾವಣೆ ಮತ್ತು ಹ್ಯಾಮ್ ಪರವಾನಗಿ: ಸಂಕೇತ ಅದೇ, ವಿಳಾಸ ಬೇರೆ

ಹೊಸದುರ್ಗ ತಾಲ್ಲೂಕಿನ ಮಾಡದಕೆರೆಯ ಯುವಕನೊಬ್ಬ ಹವ್ಯಾಸಿ ರೇಡಿಯೊ ಪರವಾನಗಿ ಪಡೆದ ಬಳಿಕ ಸೇನೆಗೆ ಸೇರಿದನೆಂದುಕೊಳ್ಳೋಣ. ತರಬೇತಿ ಒಂದೆಡೆ, ಕರ್ತವ್ಯ ಮತ್ತೊಂದೆಡೆ, ಕೆಲ ವರ್ಷಗಳಲ್ಲಿ ಮತ್ತೆ ವರ್ಗಾವಣೆ. ಆಂಟೆನಾ ಮಾತ್ರ ಊರಿನ ಮನೆಯ ಮಾಳಿಗೆಯ ಮೇಲೆ. ಹಾಗಾದರೆ ಆತನ ಕರೆ ಸಂಕೇತ ಏನಾಗುತ್ತದೆ?

ಸಂಕೇತ ಬದಲಾಗುವುದಿಲ್ಲ. ಭಾರತದ ಹ್ಯಾಮ್‌ಗಳ ಕರೆ ಸಂಕೇತ ರಾಜ್ಯವನ್ನಾಗಲೀ ಜಿಲ್ಲೆಯನ್ನಾಗಲೀ ಸೂಚಿಸುವುದಿಲ್ಲ. ‘ವಿಯು2’ ಸಾಮಾನ್ಯ ದರ್ಜೆಯನ್ನೂ ‘ವಿಯು3’ ನಿರ್ಬಂಧಿತ ದರ್ಜೆಯನ್ನೂ ಹೇಳುತ್ತವೆ. ಚಿತ್ರದುರ್ಗದಿಂದ ಜೋಧಪುರಕ್ಕೆ ಹೋದರೂ ಸಂಕೇತ ಅದೇ. ಮೋರ್ಸ್ ಒಳಗೊಂಡ ಪರೀಕ್ಷೆಯಲ್ಲಿ ಉತ್ತೀರ್ಣನಾಗಿ ಮೇಲಿನ ದರ್ಜೆಗೆ ಏರಿದರೆ ಮಾತ್ರ ಬದಲಾಗುತ್ತದೆ. ಅಮೆರಿಕದಲ್ಲಿ ಸಂಕೇತದ ಅಂಕಿ ವಲಯವನ್ನು ಸೂಚಿಸುತ್ತಿತ್ತು. ವಲಯ ಬದಲಿಸಿದವರು ಹೊಸ ಸಂಕೇತ ಪಡೆಯಬೇಕಾಗಿದ್ದ ಕಟ್ಟುಪಾಡು ಅಲ್ಲಿ 1970ರ ದಶಕದ ಕೊನೆಯಲ್ಲಿ ತೆರವಾಯಿತು.

ವಿಳಾಸದ ವಿಚಾರ ಬೇರೆ. ಪರೀಕ್ಷೆಯ ಪ್ರಮಾಣಪತ್ರ ವ್ಯಕ್ತಿಯ ಅರ್ಹತೆಗೆ ಸಾಕ್ಷಿ. ಪರವಾನಗಿಯಾದರೋ ಆತನ ರೇಡಿಯೊ ಕೇಂದ್ರಕ್ಕೆ ಸಂಬಂಧಿಸಿದ್ದು, ಅದರಲ್ಲಿ ಕೇಂದ್ರದ ಸ್ಥಳವೂ ದಾಖಲಾಗಿರುತ್ತದೆ. ಹೀಗಾಗಿ ಸ್ಥಳ ಬದಲಾದಾಗ ದೂರಸಂಪರ್ಕ ಇಲಾಖೆಯ ವೈರ್‌ಲೆಸ್ ವಿಭಾಗಕ್ಕೆ ತಿಳಿಸಿ ದಾಖಲೆ ಸರಿಪಡಿಸಿಕೊಳ್ಳುವುದು ಅಗತ್ಯ. ಪರವಾನಗಿಯ ಅರ್ಜಿಗಳು ಈಗ ಇಲಾಖೆಯ ‘ಸರಳ ಸಂಚಾರ್’ ಜಾಲತಾಣದ ಮೂಲಕ ಸಲ್ಲಿಕೆಯಾಗುತ್ತವೆ. ಸೇನಾ ವಸತಿಯಲ್ಲಿ ಸೆಟ್ ಇಡಲು ಘಟಕದ ಅಧಿಕಾರಿಗಳ ಒಪ್ಪಿಗೆಯೂ ಬೇಕು. ಸಿಗ್ನಲ್ಸ್ ದಳದಲ್ಲಿ ಕೆಲಸ ಮಾಡುವುದೇ ಖಾಸಗಿ ಪರವಾನಗಿಯಾಗದು. ಹವ್ಯಾಸಿ ತರಂಗಾಂತರದಲ್ಲಿ ಗೂಢಲಿಪಿಯ ಸಂದೇಶಕ್ಕೂ ಅವಕಾಶವಿಲ್ಲ.

ಅಂಡಮಾನ್-ನಿಕೋಬಾರ್ ಮತ್ತು ಲಕ್ಷದ್ವೀಪಗಳಿಗೆ ‘ವಿಯು4’, ‘ವಿಯು7’ ಎಂಬ ಪ್ರತ್ಯೇಕ ಪೂರ್ವಪ್ರತ್ಯಯಗಳಿವೆ. ಅಲ್ಲಿಂದ ಪ್ರಸಾರಕ್ಕೆ ವಿಶೇಷ ಅನುಮತಿ ಬೇಕು. 2004ರ ಡಿಸೆಂಬರ್‌ನಲ್ಲಿ ಇಂಥ ಅನುಮತಿ ಪಡೆದು ಪೋರ್ಟ್‌ಬ್ಲೇರ್‌ಗೆ ತೆರಳಿದ್ದ ಭಾರತಿ ಪ್ರಸಾದ್ ಅವರ ತಂಡ, 26ರಂದು ಸುನಾಮಿ ಅಪ್ಪಳಿಸಿದಾಗ ದ್ವೀಪಗಳ ಸುದ್ದಿಯನ್ನು ಹೊರಜಗತ್ತಿಗೆ ತಲುಪಿಸಿತು. ವಿಶ್ವಸಂಸ್ಥೆಯ ಶಾಂತಿಪಾಲನೆಗೆಂದು ಹೊರದೇಶಕ್ಕೆ ಹೋದವರಿಗೆ ಆ ದೇಶದ ಅನುಮತಿ ಅವಶ್ಯ.

ಹವ್ಯಾಸಿ ರೇಡಿಯೊಗೂ ಸೇನೆಗೂ ಹಳೆಯ ನಂಟು. 1939ರಲ್ಲಿ ಯುದ್ಧ ಆರಂಭವಾದಾಗ ಬ್ರಿಟಿಷ್ ಸರ್ಕಾರ ಹವ್ಯಾಸಿಗಳ ಪರವಾನಗಿಗಳನ್ನು ಹಿಂಪಡೆದಿತ್ತು. ಯುದ್ಧಾನಂತರವೇ ಅವು ಮರಳಿದವು. ಭಾರತೀಯ ಹವ್ಯಾಸಿಗಳ ರಾಷ್ಟ್ರೀಯ ಸಂಘ 1948ರಲ್ಲಿ ಜನ್ಮತಾಳಿದ್ದು ಮಧ್ಯಭಾರತದ ಮಹೂವಿನಲ್ಲಿದ್ದ ಸೇನಾ ಸಿಗ್ನಲ್ಸ್ ಶಾಲೆಯಲ್ಲಿ.

ಇನ್ನು ಊರಿನಲ್ಲಿ ಉಳಿದ ಸೆಟ್‌ನ ಪ್ರಶ್ನೆ. ಅಣ್ಣನ ಸಂಕೇತ ಬಳಸಿ ತಮ್ಮ ಮಾತನಾಡುವಂತಿಲ್ಲ. ಪರವಾನಗಿ ಇಲ್ಲದವರು ಪ್ರಸಾರ ಮಾಡುವುದು ಅಪರಾಧ. ಆಸಕ್ತಿಯಿದ್ದರೆ ತಮ್ಮನೂ ಪರೀಕ್ಷೆ ಬರೆಯಬಹುದು, 12 ವರ್ಷ ತುಂಬಿದ್ದರೆ ಸಾಕು. ಆಗ ಗಡಿಯ ಅಣ್ಣನೂ ಮಾಡದಕೆರೆಯ ತಮ್ಮನೂ ತಮ್ಮ ತಮ್ಮ ಸಂಕೇತಗಳಲ್ಲಿ ಕಾನೂನುಬದ್ಧವಾಗಿ ಮಾತನಾಡಬಹುದು. ವರ್ಗಾವಣೆಯ ಆದೇಶ ಕೈಸೇರಿದ ಕೂಡಲೇ ಪರವಾನಗಿಯ ಅವಧಿ ಮತ್ತು ವಿಳಾಸ ನೋಡಿಕೊಳ್ಳುವುದು ಒಳಿತು.