ಪಿ.ಪಿ. ಎಂಬ ಎರಡಕ್ಷರ

ಕಳೆದ ಬೇಸಿಗೆಯಲ್ಲಿ ಅಟ್ಟದ ಮೇಲಿನ ಹಳೆಯ ಟ್ರಂಕನ್ನು ಶುಚಿಗೊಳಿಸುತ್ತಿದ್ದಾಗ ನನ್ನ ತಂಗಿಯ ಮದುವೆಯ ಕರೆಯೋಲೆಯೊಂದು ದೊರೆಯಿತು. ಇಸವಿ 1983. ಅದರ ಕೆಳಗಿನ ಮೂಲೆಯಲ್ಲಿ ‘ದೂರವಾಣಿ: 47, ಪಿ.ಪಿ.’ ಎಂದು ಮುದ್ರಿತವಾಗಿತ್ತು. ರಜೆಗೆ ಬಂದಿದ್ದ ಮೊಮ್ಮಗಳು ಅದನ್ನು ಓದಿ, “ಅಜ್ಜಾ, ಎರಡೇ ಅಂಕಿಯ ನಂಬರಾ? ಈ ಪಿ.ಪಿ. ಯಾರ ಇನಿಷಿಯಲ್?” ಎಂದು ಕೇಳಿದಳು.

ಪಿ.ಪಿ. ಯಾರ ಹೆಸರೂ ಅಲ್ಲ. ‘ಪರ್ಟಿಕ್ಯುಲರ್ ಪರ್ಸನ್’ ಎಂಬುದರ ಸಂಕ್ಷೇಪವದು. ಟ್ರಂಕ್ ಕಾಲ್ ಬುಕ್ ಮಾಡುವಾಗ ಇಂಥ ವ್ಯಕ್ತಿಯೊಡನೆಯೇ ಮಾತನಾಡಬೇಕೆಂದು ಹೇಳಿ, ಅದಕ್ಕೆಂದು ಸ್ವಲ್ಪ ಹೆಚ್ಚಿನ ಶುಲ್ಕ ತೆರುವ ವ್ಯವಸ್ಥೆಯೊಂದಿತ್ತು. ಜನರು ಆ ಎರಡಕ್ಷರವನ್ನು ತಮ್ಮ ಅನುಕೂಲಕ್ಕೆ ಒಗ್ಗಿಸಿಕೊಂಡರು. ‘ಈ ನಂಬರು ನಮ್ಮದಲ್ಲ, ನೆರೆಯವರದು, ಕರೆ ಮಾಡಿದರೆ ನಮ್ಮನ್ನು ಕೂಗಿ ಕರೆಯುತ್ತಾರೆ’ ಎಂಬುದೇ ಕರೆಯೋಲೆಗಳಲ್ಲಿ ಅದರ ಅರ್ಥ. 47 ನಮ್ಮ ಬೀದಿಯ ಅಕ್ಕಿ ಗಿರಣಿಯ ಯಜಮಾನರ ನಂಬರು. ಗಂಟೆ ಬಾರಿಸಿದರೆ ಗಿರಣಿಯ ಹುಡುಗ ಓಡಿಬರುತ್ತಿದ್ದ. ನಾವು ಕೈಯಲ್ಲಿದ್ದ ಕೆಲಸ ಬಿಟ್ಟು ಓಡುತ್ತಿದ್ದೆವು. ಆ ಒಂದು ಕಪ್ಪು ಫೋನು ಇಡೀ ಬೀದಿಯ ಜನನ, ಮರಣ, ಪರೀಕ್ಷೆಯ ಫಲಿತಾಂಶಗಳನ್ನು ಹೊತ್ತಿತ್ತು.

ನಮ್ಮ ತಂದೆಯವರು ತೀರಿಕೊಂಡ ರಾತ್ರಿ ಬೊಂಬಾಯಿಯಲ್ಲಿದ್ದ ಅಣ್ಣನಿಗೆ ಸುದ್ದಿ ಮುಟ್ಟಿಸಲು ಅದೇ ಗಿರಣಿಯಲ್ಲಿ ಕುಳಿತೆವು. ಆಗ ಟ್ರಂಕ್ ಕರೆಗಳಲ್ಲಿ ಸಾಮಾನ್ಯ, ಅರ್ಜೆಂಟ್, ಲೈಟ್ನಿಂಗ್ ಎಂಬ ದರ್ಜೆಗಳಿದ್ದವು. ಅರ್ಜೆಂಟಿಗೆ ಇಮ್ಮಡಿ ದರ, ಲೈಟ್ನಿಂಗಿಗೆ ಎಂಟು ಪಟ್ಟು. ನಮಗೆ ನಿಲುಕಿದ್ದು ಅರ್ಜೆಂಟ್. ಬೆಳಗಿನ ಜಾವ ಕಳೆದು ಬಿಸಿಲೇರಿದ ಮೇಲೆ ಲೈನು ಸಿಕ್ಕಿತು. ಅಷ್ಟು ಹೊತ್ತಿಗೆ ಅಣ್ಣನಿಗೆ ಮಣ್ಣಿಗೆ ಬಂದು ಮುಟ್ಟುವಷ್ಟು ಸಮಯ ಉಳಿದಿರಲಿಲ್ಲ. ಇಂಥ ನೆನಪಿಲ್ಲದ ಮನೆ ನಮ್ಮ ತಲೆಮಾರಿನಲ್ಲಿ ವಿರಳ.

ಹಾಗೆಂದು ಭಾರತಕ್ಕೆ ದೂರವಾಣಿ ತಡವಾಗಿ ಬಂದಿತೆನ್ನುವಂತಿಲ್ಲ. ಅಲೆಕ್ಸಾಂಡರ್ ಗ್ರಹಾಂ ಬೆಲ್ 1876ರಲ್ಲಿ ತಮ್ಮ ಯಂತ್ರಕ್ಕೆ ಪೇಟೆಂಟ್ ಪಡೆದರು. ಆರು ವರ್ಷ ತುಂಬುವ ಮೊದಲೇ, 1882ರ ಜನವರಿಯಲ್ಲಿ, ಕಲ್ಕತ್ತ, ಬೊಂಬಾಯಿ, ಮದರಾಸುಗಳಲ್ಲಿ ವಿನಿಮಯ ಕೇಂದ್ರಗಳು ತೆರೆದವು. ಕಲ್ಕತ್ತೆಯ ಕೇಂದ್ರದಲ್ಲಿ ಮೊದಲಿಗಿದ್ದ ಗ್ರಾಹಕರು 93 ಮಂದಿ. ಯಂತ್ರ ಬೇಗನೆ ಬಂದಿತು. ಆದರೆ ಅಧಿಕಾರಿಗಳ ಮತ್ತು ವರ್ತಕರ ಮೇಜಿನಿಂದ ಕೆಳಗಿಳಿಯಲು ಅದಕ್ಕೆ ನೂರು ವರ್ಷ ಬೇಕಾಯಿತು. ಸ್ವಾತಂತ್ರ್ಯಾನಂತರ, 1948ರಲ್ಲಿ, ಬೆಂಗಳೂರಿನಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಸ್ಥಾಪನೆಯಾಗಿ ಫೋನುಗಳು ಇಲ್ಲಿಯೇ ತಯಾರಾಗತೊಡಗಿದವು. ಆ ಕಾರ್ಖಾನೆಯ ಸುತ್ತ ಬೆಳೆದ ಬಡಾವಣೆಗೆ ಇಂದಿಗೂ ದೂರವಾಣಿನಗರವೆಂದೇ ಹೆಸರು. ಆಪರೇಟರನ ನೆರವಿಲ್ಲದೆ ಒಂದೂರಿನಿಂದ ಇನ್ನೊಂದೂರಿಗೆ ನೇರವಾಗಿ ಡಯಲ್ ಮಾಡುವ ಎಸ್‌ಟಿಡಿ ಸೌಲಭ್ಯ 1960ರಲ್ಲಿ ಕಾನ್ಪುರ ಮತ್ತು ಲಖನೌ ನಡುವೆ ಆರಂಭವಾಯಿತು. ಆದರೂ 1980ರ ದಶಕದ ಆರಂಭದಲ್ಲಿ, ಸುಮಾರು 70 ಕೋಟಿ ಜನರಿದ್ದ ದೇಶದಲ್ಲಿ, ದೂರವಾಣಿಗಳ ಸಂಖ್ಯೆ 30 ಲಕ್ಷವನ್ನು ಮುಟ್ಟಿರಲಿಲ್ಲ. ಅರ್ಜಿ ಹಾಕಿದವರು ವರ್ಷಗಟ್ಟಲೆ ಕಾಯುತ್ತಿದ್ದರು. ಊಟವಿಲ್ಲದ ಊರಿಗೆ ಫೋನೇಕೆ ಎಂದು ವಾದಿಸುವವರಿಗೂ ಆಗ ಕೊರತೆಯಿರಲಿಲ್ಲ.

ಇಲ್ಲಿ ನಮ್ಮ ಪಿ.ಪಿ. ಮತ್ತೆ ಬರುತ್ತದೆ. ಊರ ಬಾವಿಗೆ ಎಲ್ಲರೂ ಒಂದೇ ಗಳಿಗೆಯಲ್ಲಿ ಕೊಡ ಹಿಡಿದು ಬರುವುದಿಲ್ಲ. ಆದ್ದರಿಂದ ಮನೆಗೊಂದು ಹಗ್ಗ ಇಡಬೇಕಾಗಿಲ್ಲ, ನಾಲ್ಕಾರು ಸಾಕು. ದೂರವಾಣಿ ವಿನಿಮಯ ಕೇಂದ್ರವನ್ನು ಕಟ್ಟುವುದೂ ಇದೇ ಲೆಕ್ಕದಲ್ಲಿ. ನೂರು ಗ್ರಾಹಕರಿದ್ದರೆ ಒಂದು ಹೊತ್ತಿಗೆ ಕೆಲವರಷ್ಟೇ ಮಾತನಾಡುತ್ತಾರೆಂದು ಊಹಿಸಿ ಒಳಗಿನ ದಾರಿಗಳನ್ನು ಇಡುತ್ತಾರೆ. ಮನೆಗೊಂದು ಫೋನಿರುವ ಶ್ರೀಮಂತ ದೇಶಗಳಲ್ಲಿ ಈ ಊಹೆ ಸರಿಹೋಗುತ್ತಿತ್ತು. ಒಂದು ಫೋನಿಗೆ ಒಂದು ಬೀದಿಯೇ ಇರುವ ದೇಶದಲ್ಲಿ ಅದು ಹೇಗೆ ಸರಿಹೋದೀತು? ನಮ್ಮ ಪ್ರತಿಯೊಂದು ತಂತಿಯೂ ಬಿಡುವಿಲ್ಲದೆ ದುಡಿಯುತ್ತಿತ್ತು. ಸಾಲದೆಂಬಂತೆ, ವಿದೇಶಿ ಕಂಪನಿಗಳ ಹೊಸ ವಿದ್ಯುನ್ಮಾನ ಕೇಂದ್ರಗಳು ಸಾವಿರಾರು ಗ್ರಾಹಕರಿರುವ ನಗರಗಳಿಗಾಗಿ ರೂಪುಗೊಂಡಿದ್ದವು. ಹವಾನಿಯಂತ್ರಿತ ಕೊಠಡಿಯಿಲ್ಲದೆ ಅವು ನಡೆಯುತ್ತಿರಲಿಲ್ಲ. ಧೂಳು, ಸೆಕೆ, ಕರೆಂಟಿನ ಕಣ್ಣುಮುಚ್ಚಾಲೆಗಳ ನಡುವಿನ ನಮ್ಮ ಹೋಬಳಿಗಳಿಗೆ ಅವುಗಳಿಂದ ಏನು ಉಪಯೋಗ?

ಈ ಪ್ರಶ್ನೆಗೆ ಉತ್ತರ ಹುಡುಕಲೆಂದು 1984ರ ಆಗಸ್ಟಿನಲ್ಲಿ ಸರ್ಕಾರ ಸಿ-ಡಾಟ್ ಎಂಬ ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿತು. ಅಮೆರಿಕದಲ್ಲಿ ಹೆಸರು ಮಾಡಿದ್ದ ಸ್ಯಾಮ್ ಪಿತ್ರೋಡಾ ಅದರ ಪ್ರೇರಕರು. ಇಲಾಖೆಯ ಅನುಭವಿ ಜಿ.ಬಿ. ಮೀಮಾಂಸಿ ಅದನ್ನು ಮುನ್ನಡೆಸಿದ ಪ್ರಮುಖರಲ್ಲೊಬ್ಬರು. ದೆಹಲಿ ಮತ್ತು ಬೆಂಗಳೂರಿನ ಪ್ರಯೋಗಾಲಯಗಳಲ್ಲಿ ದುಡಿದವರು ಬಹುಪಾಲು ಕಾಲೇಜು ಬಿಟ್ಟು ಹೆಚ್ಚು ಕಾಲವಾಗಿರದ ಎಂಜಿನಿಯರರು. ಅವರಿಗೆ ಕೊಟ್ಟ ಅವಧಿ 36 ತಿಂಗಳು, ಹಣ 36 ಕೋಟಿ ರೂಪಾಯಿ.

ಅವರ ಮೊದಲ ದೊಡ್ಡ ಫಲ ನೆಲೆಗೊಂಡದ್ದು ದೆಹಲಿಯಲ್ಲಲ್ಲ, ನಮ್ಮ ಕಿತ್ತೂರಿನಲ್ಲಿ! 1824ರಲ್ಲಿ ರಾಣಿ ಚೆನ್ನಮ್ಮ ಕಂಪನಿ ಸರ್ಕಾರವನ್ನು ಎದುರಿಸಿ ನಿಂತ ಅದೇ ಕಿತ್ತೂರು. 1986ರಲ್ಲಿ ಅಲ್ಲಿ ಸಿ-ಡಾಟ್‌ನ ಗ್ರಾಮೀಣ ಸ್ವಯಂಚಾಲಿತ ವಿನಿಮಯ ಕೇಂದ್ರ ಕೆಲಸ ಆರಂಭಿಸಿತು. ಬೀರುವಿನಂತಹ ಒಂದು ಪೆಟ್ಟಿಗೆ, ಅದರಲ್ಲಿ 128 ಲೈನುಗಳಿಗೆ ಸ್ಥಳ. ಹವಾನಿಯಂತ್ರಣ ಬೇಡ, ಒಳಗಿನ ಬಿಸಿಗಾಳಿ ತಾನಾಗಿಯೇ ಮೇಲೇರಿ ಹೊರಹೋಗುವಂತೆ ಅದನ್ನು ರಚಿಸಲಾಗಿತ್ತು. ಒಂದು ಬಿಡಿಭಾಗ ಕೆಟ್ಟರೆ ಆ ಕಾರ್ಡನ್ನು ಎಳೆದು ಇನ್ನೊಂದನ್ನು ತೂರಿಸಿದರಾಯಿತು. ಒಂದೊಂದು ಲೈನೂ ಬೀದಿಗಟ್ಟಲೆ ಜನರ ಮಾತನ್ನು ಹೊರಬೇಕಾದೀತೆಂಬ ಲೆಕ್ಕವೂ ಅದರ ರಚನೆಯಲ್ಲಿತ್ತು. ಗಿರಣಿಯ ಹುಡುಗನ ಓಟವನ್ನು ಎಣಿಕೆಗೆ ತೆಗೆದುಕೊಂಡ ಮೊದಲ ಯಂತ್ರ ಅದೆಂದು ನಾನು ಭಾವಿಸುತ್ತೇನೆ.

ಎಲ್ಲವೂ ಹೇಳಿದಂತೆಯೇ ನಡೆಯಿತೆನ್ನಲಾಗದು. ದೊಡ್ಡ ನಗರಗಳಿಗೆ ಬೇಕಾದ ಭಾರಿ ಕೇಂದ್ರ ನಿಗದಿತ ಅವಧಿಗೆ ಸಿದ್ಧವಾಗಲಿಲ್ಲ. ಟೀಕೆ, ರಾಜಕೀಯ ಕೆಸರೆರಚಾಟ ಎರಡೂ ನಡೆದವು. ಆದರೆ ಸಣ್ಣ ಪೆಟ್ಟಿಗೆಯ ತಂತ್ರಜ್ಞಾನವನ್ನು ಹಲವು ಕಾರ್ಖಾನೆಗಳಿಗೆ ನೀಡಿದ್ದರಿಂದ ಅದು ದೇಶದ ಸಾವಿರಾರು ಹಳ್ಳಿಗಳನ್ನು ತಲುಪಿತು. ಅದೇ ಕಾಲದಲ್ಲಿ ಹಳದಿ ಫಲಕದ ಎಸ್‌ಟಿಡಿ ಬೂತುಗಳೂ ಎದ್ದವು. ಅವುಗಳನ್ನು ನಡೆಸಿ ಬದುಕು ಕಟ್ಟಿಕೊಂಡವರಲ್ಲಿ ಅಂಗವಿಕಲರು ಅನೇಕರಿದ್ದರು. ಊರು ದೂರವಾದಷ್ಟೂ ಮೀಟರಿನ ಅಂಕಿ ಬೇಗ ಬೇಗ ಓಡುತ್ತಿತ್ತು; ರಾತ್ರಿ ಏರಿದಂತೆ ದರ ಅರ್ಧವಾಗಿ, ಕಾಲಾಗಿ ಇಳಿಯುತ್ತಿತ್ತು. ಗಲ್ಫಿನಿಂದ ಗಂಡನ ಕರೆ ಬರುವ ವಾರಕ್ಕೊಮ್ಮೆಯ ಆ ಹೊತ್ತಿಗೆ ಮಕ್ಕಳನ್ನು ಕಂಕುಳಲ್ಲಿಟ್ಟುಕೊಂಡು ಬೂತಿನ ಬೆಂಚಿನ ಮೇಲೆ ಕಾದ ತಾಯಂದಿರನ್ನು ಕರಾವಳಿಯಲ್ಲಿ ನಾನೇ ಕಂಡಿದ್ದೇನೆ.

ಮುಂದಿನದು ಎಲ್ಲರೂ ಬಲ್ಲ ಕಥೆ. 1995ರಲ್ಲಿ ಮೊಬೈಲೂ ಬಂತು, ಸಾರ್ವಜನಿಕರಿಗೆ ಇಂಟರ್ನೆಟ್ಟೂ ಬಂತು. ಮನೆಯ ಅದೇ ತಾಮ್ರದ ಜೋಡಿ ತಂತಿಗೆ ಮೋಡೆಮ್ ಜೋಡಿಸಿದರೆ ಕಂಪ್ಯೂಟರು ಕಿರುಗುಟ್ಟುತ್ತ ಸಂಪರ್ಕ ಸಾಧಿಸುತ್ತಿತ್ತು. ಅಷ್ಟು ಹೊತ್ತು ಫೋನು ಎಂಗೇಜ್. ಬ್ರಾಡ್‌ಬ್ಯಾಂಡ್ ಬಂದಾಗ ಈ ತೊಂದರೆ ನೀಗಿದ್ದು ಹೇಗೆಂದು ಅನೇಕರು ಕೇಳುತ್ತಿದ್ದರು. ಮನುಷ್ಯನ ಮಾತಿಗೆ ತಂತಿಯ ಕೆಳಗಿನ ಕಂಪನಾಂಕಗಳಷ್ಟೇ ಸಾಕು, ಮೇಲಿನವು ಖಾಲಿಯಿದ್ದವು. ದತ್ತಾಂಶವನ್ನು ಅಲ್ಲಿ ಹರಿಸಿ, ಸ್ಪ್ಲಿಟರ್ ಎಂಬ ಪುಟ್ಟ ಡಬ್ಬಿಯಿಂದ ಎರಡನ್ನೂ ಬೇರ್ಪಡಿಸಿದರು. ವೈ-ಫೈ ಬಳಸುವ 2.4 ಗಿಗಾಹರ್ಟ್ಸ್ ತರಂಗಗಳಿಗೆ ಪರವಾನಗಿ ಬೇಡವೆಂದು ಸರ್ಕಾರ 2005ರಲ್ಲಿ ಪ್ರಕಟಿಸಿದ ಮೇಲೆ ಮನೆಯೊಳಗಿನ ತಂತಿಯೂ ಮರೆಯಾಗತೊಡಗಿತು. ಟೆಲಿಗ್ರಾಂ 2013ರ ಜುಲೈಯಲ್ಲಿ ನಿಂತುಹೋಯಿತು.

ಇಷ್ಟನ್ನೂ ಕೇಳಿಸಿಕೊಂಡ ಮೊಮ್ಮಗಳ ಮುಂದಿನ ಪ್ರಶ್ನೆ: “ಹಾಗಾದರೆ ಸಂಜೆ ಎಂಟು ಗಂಟೆಗೆ ನಮ್ಮ ನೆಟ್ ಯಾಕೆ ನಿಧಾನ?” ಆ ಬಾವಿಯ ಲೆಕ್ಕವನ್ನೇ ಮತ್ತೆ ಹೇಳಿದೆ. ನಮ್ಮ ಸಂಪರ್ಕವೂ ಬೀದಿಯ ಹತ್ತಾರು ಮನೆಗಳೊಡನೆ ಒಂದೇ ದಾರಿಯನ್ನು ಹಂಚಿಕೊಳ್ಳುತ್ತದೆ; ಸಂಜೆಯಾದರೆ ಎಲ್ಲರೂ ಕೊಡ ಹಿಡಿದು ಬರುತ್ತಾರೆ. ಅವಳಿಗೆ ಒಪ್ಪಿಗೆಯಾಯಿತೋ ಇಲ್ಲವೋ ತಿಳಿಯದು.

ಅಷ್ಟರಲ್ಲಿ ಎದುರು ಮನೆಯ ಹುಡುಗ ಫೋನು ಹಿಡಿದು ಜಗಲಿಗೆ ಬಂದ. ಅವರ ಮನೆಯ ರೀಚಾರ್ಜ್ ಮುಗಿದಿತ್ತು, ಕಾಲೇಜಿನ ಅರ್ಜಿ ತುಂಬಲು ಅಂದೇ ಕೊನೆಯ ದಿನ. ಮೊಮ್ಮಗಳು ಪಾಸ್‌ವರ್ಡ್ ಹೇಳಿಕೊಟ್ಟು ಒಳಬಂದಳು. “ಇವನದೂ ಪಿ.ಪಿ., ಅಜ್ಜಾ” ಎಂದಳು.